ಅಂಗಳದಲ್ಲಿ ನಿಂತು ಮೀಯಿಸಿದ ಅಜ್ಜಿ

ಅಜ್ಜಿ ತೀರಿಹೋದರೆಂದು ಅವರ ಸೊಸೆ ಫೋನ್ ಮಾಡಿದಾಗ ನಾನು ಹಿತ್ತಿಲಲ್ಲಿ ಮೊಮ್ಮಗಳ ಬಟ್ಟೆ ಹಿಂಡುತ್ತಿದ್ದೆ. ಮೊದಲು ಕಣ್ಣ ಮುಂದೆ ಬಂದದ್ದು ಅವರ ಮುಖವಲ್ಲ, ಕೈ. ಉಗುರನ್ನು ಮಾಂಸದ ಮಟ್ಟಕ್ಕೆ ಕತ್ತರಿಸಿದ, ಎಣ್ಣೆ ಕುಡಿದು ಹಳೆಯ ಮಣೆಯಂತೆ ಹೊಳೆಯುತ್ತಿದ್ದ ಕೈ. ಬಂಟ್ವಾಳದ ನಮ್ಮ ಕಡೆಯ ಮನೆಗಳಿಗೆ ಬಾಣಂತಿಯನ್ನೂ ಮಗುವನ್ನೂ ಮೀಯಿಸಲು ಬರುತ್ತಿದ್ದವರು ಅವರು. ನನ್ನ ಬಾಣಂತನಕ್ಕೂ ಅವರೇ ಬಂದಿದ್ದರು.

ಮಗಳು ಹೆರಿಗೆಗೆ ಬಂದದ್ದು ಕೊರೊನಾದ ಎರಡನೇ ವರ್ಷ. ನಾನು ದೇವರ ಮೇಲೆ ಭಾರ ಹಾಕಿ ಲಸಿಕೆ ಹಾಕಿಸಿಕೊಂಡಿದ್ದೆ. ಮಗು ಮನೆಗೆ ಬಂದ ಕೂಡಲೇ ಅಜ್ಜಿಗೆ ಹೇಳಿಕಳಿಸಿದೆ. ಬಂದರು. ಆದರೆ ತುಳಸಿಕಟ್ಟೆಯ ಆಚೆಯೇ ನಿಂತರು.

"ಬನ್ನಿ ಅಜ್ಜಿ, ನೀರು ಕಾದುಂಟು."

"ನಾನು ಸೂಜಿ ಹಾಕಿಸ್ಲಿಲ್ಲ ಅಕ್ಕ. ಒಳಗೆ ಬರುವುದಿಲ್ಲ."

ಹಿಂದೊಮ್ಮೆ ಅವರ ಗಂಡ ಜ್ವರಕ್ಕೆ ಇಂಜೆಕ್ಷನ್ ತೆಗೆದುಕೊಂಡು ಮರಳುವಾಗ ದಾರಿಯಲ್ಲೇ ಕುಸಿದು ತೀರಿಕೊಂಡಿದ್ದರು. ಸೂಜಿ ಎಂದರೆ ಅಜ್ಜಿಗೆ ಆ ದಾರಿಯೇ ನೆನಪು. ಆ ಮದ್ದು ಬೇರೆ, ಇದು ಬೇರೆ ಎಂದು ಆಶಾ ಕಾರ್ಯಕರ್ತೆ ಹೇಳಿ ಹೇಳಿ ಸೋತಿದ್ದಳು.

ಪಕ್ಕದ ಮನೆಯಾಕೆ ಬೇಲಿಯ ಆಚೆಯಿಂದಲೇ ನಕ್ಕಳು. "ಹಾಕಿಸಿದ್ದೇನೆ ಅಂತ ಹೇಳಿಬಿಡಿ ಮಾರಾಯ್ರೆ. ನಿಮ್ಮ ತೋಳು ಯಾರು ನೋಡ್ಲಿಕ್ಕೆ ಬರ್ತಾರೆ?"

"ಯಾರೂ ಬರುವುದಿಲ್ಲ," ಎಂದರು ಅಜ್ಜಿ. "ಆದ್ರೆ ಹತ್ರ ಬರ್ಬೇಡ ಅಂತ ಹೇಳ್ಲಿಕ್ಕೆ ಮಗುವಿಗೆ ಬಾಯಿ ಇಲ್ಲ. ಅದರ ಬದಲು ನಾನೇ ಹೇಳ್ಬೇಕಲ್ಲ?"

ಹಾಗಾಗಿ ಅವರಿಗೆ ಕಾಣಲೆಂದು ಮಣೆಯನ್ನು ಜಗಲಿಯ ತುದಿಗೆ ತಂದು, ಕಾಲು ನೀಡಿ ನಾನೇ ಮಗುವನ್ನು ಮೀಯಿಸಲು ಕುಳಿತೆ. ಅಜ್ಜಿ ಅಲ್ಲಿಂದಲೇ ಹೇಳಿಕೊಡತೊಡಗಿದರು.

"ಬಳೆ ತೆಗೆದಿಡಿ, ಮಗುವಿಗೆ ತಾಗ್ತದೆ. ನೀರಿಗೆ ಬೆರಳಲ್ಲ, ಮೊಣಕೈ ಹಾಕಿ ನೋಡಿ. ಅಯ್ಯೋ, ಅದೇನು ಹಲಸಿನಕಾಯಿಯಾ, ಹಾಗೆ ಅಮುಕಿ ಹಿಡೀಲಿಕ್ಕೆ?"

ಮಗಳು ಒಳಗಿನಿಂದ ನಗುತ್ತಿದ್ದಳು. ಮಗು ಕಿರುಚುತ್ತಿತ್ತು. ತಲೆಯೆತ್ತಿದರೆ, ಕಟ್ಟೆಯ ಆಚೆ ಅಜ್ಜಿಯ ಕೈಗಳು ಬರಿಗಾಳಿಗೇ ಎಣ್ಣೆ ತಿಕ್ಕುತ್ತಿದ್ದವು.

ಹಾಗೆ ದಿನಾ ಬಂದರು. ಮಗು ಮೊದಲ ಸಲ ನಕ್ಕ ದಿನ ಅವರು ಬಹಳ ಹೊತ್ತು ಹೋಗಲಿಲ್ಲ.

"ನಿಮಗೆ ಸೂಜಿ ಹಾಕಿಸುವಾಗ ಹೆದರಿಕೆ ಆಗ್ಲಿಲ್ವಾ ಅಕ್ಕ?"

"ಆಯ್ತು ಅಜ್ಜಿ. ಒಂದು ದಿನ ಜ್ವರವೂ ಬಂತು."

"ನಿಮಗೂ ಹೆದರಿಕೆ ಆಯ್ತಾ," ಎಂದು ಏನೋ ಸಮಾಧಾನ ಸಿಕ್ಕಿದವರಂತೆ ತಲೆಯಾಡಿಸಿದರು. ಸೆರಗಿನಲ್ಲಿ ಕೈ ಒರೆಸಿಕೊಂಡರು, ಎಣ್ಣೆಯೇ ತಾಗದ ಕೈ. "ನೋಡುವ," ಎಂದರು.

ಮರುದಿನ ಬರಲಿಲ್ಲ. ಕೊರೊನಾ ಜ್ವರವಂತೆ, ಆಸ್ಪತ್ರೆಗೆ ಸೇರಿಸಿದ್ದಾರಂತೆ ಎಂದು ಕೇಳಿದೆ. ಆಮೇಲೆ ಈ ಫೋನ್.

ಹಾಕಿಸಿಕೊಂಡಿದ್ದರೆ ಉಳಿಯುತ್ತಿದ್ದರೆಂದೇ ನನಗನ್ನಿಸುತ್ತದೆ. ಆ ಸಂಕಟ ಹೋಗುವುದಿಲ್ಲ. ಆದರೆ ತಮ್ಮ ಹೆದರಿಕೆಯ ಬೆಲೆಯನ್ನು ಅವರು ಯಾವ ಮಗುವಿನ ಮೇಲೂ ಹೊರಿಸಲಿಲ್ಲ. ಕೊನೆಗೆ ಹೆಚ್ಚು ನರಳಲಿಲ್ಲವಂತೆ. ನಮ್ಮ ಮಗುವಿಗೆ ಒಂದು ಸೀನೂ ಬರಲಿಲ್ಲ. ದೇವರು ಇಷ್ಟನ್ನಾದರೂ ಕೊಟ್ಟ.

ಒಳಗೆ ಮಗು ಎದ್ದು ಅತ್ತಿತು. ಬಟ್ಟೆಯನ್ನು ಹಗ್ಗಕ್ಕೆ ಹಾಕಿದೆ. ಬಳೆ ತೆಗೆದು ಮೆಟ್ಟಿಲ ಮೇಲಿಟ್ಟು, ಮಗುವನ್ನು ಮೀಯಿಸುವ ಬಾಲ್ದಿಯ ಬಿಸಿನೀರಿಗೆ ಮೊಣಕೈ ಹಾಕಿ ನೋಡಿದೆ. ಇನ್ನೊಂದು ಚೆಂಬು ತಣ್ಣೀರು ಬೇಕಿತ್ತು.