ಕೆಂಪು ದಾರದ ದವನ

ಕರೋಶಿಯ ನನ್ನ ತವರಿನ ಹಿತ್ತಲಲ್ಲಿ ಅವ್ವ ದವನ, ಮರುಗ ಎರಡನ್ನೂ ಬೆಳೆಸುತ್ತಿದ್ದಳು. ಮರುಗದ ಮೇಲೆ ಅವಳಿಗೆ ಅಂಥ ಗೌರವವೇನಿರಲಿಲ್ಲ. ಟೊಂಗೆ ಮುರಿದು ಚುಚ್ಚಿದರೆ ಎಲ್ಲಿ ಬೇಕಾದರೂ ಹತ್ತುತ್ತದೆ, ಅದರದ್ದೇನು ದೊಡ್ಡಸ್ತಿಕೆ ಎನ್ನುವಳು. ದವನ ಹಾಗಲ್ಲ, ವರ್ಷ ವರ್ಷ ಬೀಜದಿಂದಲೇ ಏಳಬೇಕು. ಅದು ಹೂ ಬಿಡುವ ಹೊತ್ತಿಗೆ ಅವ್ವ ಒಂದೊಂದೇ ಗಿಡದ ಎಲೆ ತಿಕ್ಕಿ ಮೂಸಿ, ಎಲ್ಲಕ್ಕಿಂತ ಘಮ ಹೆಚ್ಚಿದ್ದ ಗಿಡಕ್ಕೆ ಕೆಂಪು ದಾರ ಕಟ್ಟುತ್ತಿದ್ದಳು. ಅದು ಬೀಜಕ್ಕೆ ಬಿಟ್ಟ ಗಿಡ. ಮುಟ್ಟಿದರೆ ನನ್ನ ಬೆನ್ನಿಗೆ ಬೀಳುತ್ತಿತ್ತು.

ಎಂಬತ್ತರ ದಶಕದಲ್ಲಿ ನಾನು ಉಗಾರ ಬುದ್ರುಕಕ್ಕೆ ಸೊಸೆಯಾಗಿ ಬಂದೆ. ಮೂರನೇ ವರ್ಷ ಅವ್ವ ತೀರಿಕೊಂಡಳು. ಅವಳ ಟ್ರಂಕಿನಲ್ಲಿ ಸೀರೆಯ ಚೂರಿನಲ್ಲಿ ಕಟ್ಟಿಟ್ಟ ಒಂದು ಚಿಟಿಕೆ ದವನದ ಬೀಜ ಸಿಕ್ಕಿತು. ಅಷ್ಟರಲ್ಲಿ ಅಣ್ಣ ಹಿತ್ತಲು ಅಗೆಸಿ ದನದ ಕೊಟ್ಟಿಗೆ ಕಟ್ಟಿಸಿದ್ದ. ಅವ್ವನ ದವನ ಅಂತ ಉಳಿದದ್ದು ಆ ಚಿಟಿಕೆಯೊಂದೇ.

ನಮ್ಮದು ಕಬ್ಬಿನ ನಡುವಿನ ತೋಟದ ಮನೆ. ಎರೆ ಮಣ್ಣು ನೀರು ಕುಡಿದರೆ ಬಿಡುವುದಿಲ್ಲ, ದವನಕ್ಕೆ ಅದು ಆಗಿಬರುವುದಿಲ್ಲ. ಕೃಷ್ಣೆಯ ಮರಳು ಹೊತ್ತು ತಂದು ಬೆರೆಸಿ ಎತ್ತರದ ಪಾತಿ ಮಾಡಿದೆ. ಮೊಳೆತದ್ದು ಆರು, ಚಳಿಗಾಲ ದಾಟಿದ್ದು ಒಂದು. ಆರಿಸುವ ಮಾತೇ ಇರಲಿಲ್ಲ. ಆದರೂ ಅದಕ್ಕೆ ಕೆಂಪು ದಾರ ಕಟ್ಟಿದೆ.

ಬೇಸಗೆಯಲ್ಲಿ ಬೀಜ ಮಾಗಿ ಉದುರುವಂತಾಯಿತು. ಅಂದು ಚತುರ್ದಶಿ. ನಮ್ಮ ಜೈನರ ಮನೆಗಳಲ್ಲಿ ಆ ದಿನ ಹಸಿರು ಮುರಿಯುವುದಿಲ್ಲ. ನಾಳೆ ತೆಗೆದರಾಯಿತು ಎಂದು ಬಸದಿಗೆ ಹೋದೆ.

ದವನದ ಎಲೆ ಹುಟ್ಟಿನಿಂದಲೇ ಬೂದು ಬಣ್ಣದ್ದು. ಕಣ್ಣಿಗೆ ಪೊರೆ ಬಂದಿದ್ದ ನನ್ನ ಮಾವನಿಗೆ ಅದು ನೀರಿಲ್ಲದೆ ಬೆಳ್ಳಗಾದಂತೆ ಕಂಡಿತು. ಕರೆಂಟು ಬಂದು ಪಂಪು ಶುರುವಾದದ್ದೇ ಕಬ್ಬಿನ ಕಾಲುವೆಯನ್ನೇ ಹಿತ್ತಲಿಗೆ ತಿರುಗಿಸಿದರು. ನಾನು ಬರುವಷ್ಟರಲ್ಲಿ ಮರಳ ಪಾತಿ ಕುಸಿದು ಗಿಡ ಕೆಸರಿನಲ್ಲಿ ಮಗುಚಿಬಿದ್ದಿತ್ತು. ಸಾಸಿವೆಗಿಂತ ಸಣ್ಣ ಬೀಜ, ನೀರಿನ ಜೊತೆ ಕಬ್ಬಿನೊಳಗೆ ಹೋಗಿತ್ತು. ಕೆಸರು ಕೆದಕಿದೆ, ಒಂದು ಕಾಳೂ ಸಿಗಲಿಲ್ಲ.

“ಬಿಸಲಿಗೆ ಬೆಳ್ಳಗಾಗಿತ್ತ ಯವ್ವಾ. ನಿಮ್ಮವ್ವನ ಗಿಡ ಒಣಗಬಾರದಂತ ನೀರ ಬಿಟ್ಟೆ,” ಅಂದರು ಮಾವ.

“ದವನ ಇರೂದ ಹಂಗರೀ ಮಾವಾರ,” ಎಂದವಳು ಒಳಗೆ ಹೋಗಿ ಅತ್ತುಬಿಟ್ಟೆ. ಅವ್ವ ಎರಡನೇ ಸಲ ಸತ್ತಳು ಅನಿಸಿತು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಎಂಟು ದಿನ ಅವರಿಗೆ ಊಟಕ್ಕೆ ಬಡಿಸಿದೆ, ಮಾತು ಬಡಿಸಲಿಲ್ಲ.

ಒಂಬತ್ತನೇ ದಿನ ಮಾವ ಒಗೆದ ಧೋತರ ಉಟ್ಟು, ಎಲ್ಲಿಗೆಂದು ಹೇಳದೆ ಬಸ್ ಹತ್ತಿದರು. ಹೊತ್ತು ಮುಳುಗುವ ಮುಂಚೆಯೇ ಮುಗಿಯಬೇಕಾದ ನಮ್ಮ ಊಟದ ಹೊತ್ತಿಗೆ ಸರಿಯಾಗಿ ತಿರುಗಿ ಬಂದರು. ಟವೆಲ್ಲಿನಲ್ಲಿ ಮಣ್ಣಿನ ಸಮೇತ ಒಂದು ಸಣ್ಣ ಗಿಡ. ಅದಕ್ಕೆ ಹೊಸ ಕೆಂಪು ದಾರ. ಕರೆಯದೆ ಬೀಗರ ಹೊಸ್ತಿಲು ತುಳಿಯದ ಮನುಷ್ಯ ಕರೋಶಿಗೆ ಹೋಗಿ, ಕೊಟ್ಟಿಗೆಯ ಹಿಂದೆ ಮೊಣಕಾಲೂರಿ ಹುಡುಕಿದ್ದರು.

“ಗ್ವಾಡಿ ಸಂದ್ಯಾಗ ಒಂದ ಉಳದಿತ್ತ ನೋಡ ಯವ್ವಾ. ನೀರ ಮಾತ್ರ ನೀನ ಹಾಕ. ನಂದು ಕಬ್ಬಿನ ಕೈ.”

ಎಲೆ ನೋಡಿದೊಡನೆ ತಿಳಿಯಿತು. ಆದರೂ ತಿಕ್ಕಿ ಮೂಸಿದೆ. ಮರುಗ. ತಪಕೀರು, ಅಂದರೆ ನಶ್ಯ, ಏರಿಸಿ ಏರಿಸಿ ಮಾವನ ಮೂಗು ಸತ್ತು ವರ್ಷಗಳಾಗಿದ್ದವು, ಕಣ್ಣು ಮೊದಲೇ ಮಂಜು. ಅವರು ಬಾಗಿಲಲ್ಲೇ ನಿಂತು ನನ್ನ ಮುಖ ನೋಡುತ್ತಿದ್ದರು.

“ದವನನ ಹೌದಲ್ಲ?”

“ಹೌದ್ರಿ ಮಾವಾರ.”

ಆಮೇಲೆ ಹನ್ನೊಂದು ವರ್ಷ ಬದುಕಿದರು. ಬೇಸಗೆ ಬಂತೆಂದರೆ, “ನಿಮ್ಮವ್ವನ ದವನ ಹ್ಯಾಂಗೈತಿ?” ಎಂದು ತಪ್ಪದೆ ಕೇಳುವರು. ಚಲೋ ಐತ್ರಿ ಎನ್ನುವೆ. ಅವ್ವನ ದವನ ಹೋದ ನೋವು ನನಗೆ ಇವತ್ತಿಗೂ ಆರಿಲ್ಲ. ಪೇಟೆಯ ದವನ ಮೂಸಿದಾಗೆಲ್ಲ ಇದಲ್ಲ, ಇದಲ್ಲ ಅನಿಸುತ್ತದೆ.

ಮರುಗಕ್ಕೆ ಬೀಜದ ಹಂಗಿಲ್ಲ, ಟೊಂಗೆ ಚುಚ್ಚಿದರೆ ಸಾಕು. ಆದರೂ ಮಾವ ನೋಡಲೆಂದು ಪ್ರತಿ ವರ್ಷ ಒಂದು ಗಿಡ ಆರಿಸಿ ದಾರ ಕಟ್ಟುತ್ತಿದ್ದೆ. ಅವರು ಹೋದ ಮೇಲೂ ಕಟ್ಟುತ್ತಿದ್ದೇನೆ.