ರಾಹುಕಾಲದಲ್ಲಿ ಗಟ್ಟಿಯಾದ ಬಕೆಟ್ಟು

ನಮ್ಮ ಮನೆಯ ಗೇಟು ಗಾಳಿಗೆ ಹೊಡೆದುಕೊಳ್ಳದಿರಲಿ ಎಂದು ಅದಕ್ಕೆ ಒಂದು ಬಕೆಟ್ಟನ್ನು ಆನಿಸಿಟ್ಟಿದ್ದೇವೆ. ಎತ್ತಲು ಹೋದವರು ಒಮ್ಮೆ ಬಕೆಟ್ಟನ್ನೂ ಒಮ್ಮೆ ನನ್ನನ್ನೂ ನೋಡುತ್ತಾರೆ. ಒಳಗೆ ಮುಕ್ಕಾಲು ಭಾಗ ಬೂದು ಬಣ್ಣದ ಕಲ್ಲಿನಂಥದ್ದು ತುಂಬಿದೆ. ನಟ್ಟನಡುವೆ ಒಂದು ಕಬ್ಬಿಣದ ಸರಳು ನಿಂತಿದೆ. ಗ್ಯಾಸ್ ಸಿಲಿಂಡರ್ ತರುವವನು ಮೊನ್ನೆ ಕೇಳಿದ, "ಇದರಲ್ಲಿ ಏನು ನೆಟ್ಟಿದ್ದೀರಿ ಸಾರ್?"

ನೆಟ್ಟಿದ್ದು ನಾನೇ. ಆದರೆ ಅವನಿಗೆ ಹೇಳಿದ್ದು ಬೇರೆ. "ಕೆಲಸದವನು ಕಲಸೋವಾಗ ಎಡವಟ್ಟು ಮಾಡಿದ" ಎಂದೆ. ಅಷ್ಟು ಹೊತ್ತಿಗೆ ಆ ಸುಳ್ಳನ್ನು ನಾಲ್ಕೈದು ಜನಕ್ಕೆ ಹೇಳಿ ನಾಲಿಗೆಗೆ ರೂಢಿಯಾಗಿತ್ತು. ಈ ವಾರದ ಅಂಕಣದಲ್ಲಿ ಅದರ ಕಥೆ.

ನಾನು ಹೊಟ್ಟೆ ಹೊರೆಯುವುದು ಇನ್ಶೂರೆನ್ಸ್ ಆಫೀಸಿನ ಕ್ಲೇಮು ವಿಭಾಗದಲ್ಲಿ ಎಂದು ನಿಮಗೆ ಗೊತ್ತು. ಎಲ್ಲಿ ಬೆಂಕಿ ಬಿದ್ದರೂ, ಎಲ್ಲಿ ಮೆಷಿನ್ ಮುರಿದರೂ ಹೋಗಿ ನೋಡಿ, 'ನಷ್ಟಕ್ಕೆ ಕಾರಣ' ಎಂಬ ಕಾಲಮ್ಮಿನಲ್ಲಿ ಎರಡು ಸಾಲು ಬರೆಯುವುದು ನನ್ನ ಕೆಲಸ. ಹಾಗೆ ಒಮ್ಮೆ ಅಂಬತ್ತೂರಿನ ಒಂದು ಕಾರ್ಖಾನೆಗೆ ಹೋದಾಗ ಅಲ್ಲಿನ ನೆಲ ನೋಡಿ ಮರುಳಾದೆ. ಲೇತ್ ಮೆಷಿನ್ನುಗಳ ಕೆಳಗೆ ಎಣ್ಣೆ ಬಿದ್ದಿದೆ, ಒಬ್ಬ ಬಟ್ಟೆಯಲ್ಲಿ ಒರೆಸುತ್ತಾನೆ, ಕಲೆಯೇ ಇಲ್ಲ. ಮುಖ ನೋಡಿಕೊಳ್ಳಬಹುದು, ಅಂಥ ಹೊಳಪು. ಎಪಾಕ್ಸಿ ಕೋಟಿಂಗ್ ಅಂತೆ.

ತಾಂಬರಂನ ನಮ್ಮ ಮನೆಯ ಕಾರ್ ಶೆಡ್ಡು ಕಣ್ಣ ಮುಂದೆ ಬಂತು. ಸಿಮೆಂಟು ಎದ್ದೆದ್ದು ಪುಡಿಯಾಗಿ, ಆಯಿಲ್ ಕುಡಿದು ಕಪ್ಪಾಗಿ, ಗುಡಿಸಿದಷ್ಟೂ ಧೂಳು ಕೊಡುವ ನೆಲ. ಮನೆಗೆ ಬಂದು ವಿಷಯ ಎತ್ತಿದೆ.

"ಕಾರಿಗೆ ಕನ್ನಡಿಯಂಥ ನೆಲ, ನಮಗೆ ಬಿರುಕು ಬಿಟ್ಟ ಮೊಸಾಯಿಕ್ಕು. ಮಾಡಿಸಿ, ಮಾಡಿಸಿ," ಎಂದಳು ಹೆಂಡತಿ ರಮಾ. ಗಂಡಂದಿರು ಇಂಥ ಮಾತನ್ನು ಒಪ್ಪಿಗೆ ಎಂದು ತಿಳಿಯುವುದನ್ನು ಮದುವೆಯಾದ ಎರಡನೇ ವರ್ಷಕ್ಕೇ ಕಲಿತಿರುತ್ತಾರೆ.

ಆ ಕಾರ್ಖಾನೆಯ ನೆಲ ಮಾಡಿದವರನ್ನೇ ಹುಡುಕಿದೆ. ಮನೆಗಳಿಗೆ ಅವರು ಮಾಡುತ್ತಿರಲಿಲ್ಲ. ಪೀಡಿಸಿದ ಮೇಲೆ ಸೂಪರ್‌ವೈಸರ್ ಗೋಪಾಲನ್ ಒಪ್ಪಿ, ಏಪ್ರಿಲ್ ತಿಂಗಳ ಒಂದು ಗುರುವಾರ ಏಳುಮಲೈ ಎಂಬಾತನನ್ನು ಕಳಿಸಿದ.

ಏಳುಮಲೈಗೆ ನಲವತ್ತರ ಮೇಲೆ ವಯಸ್ಸು. ತೆಳ್ಳಗಿನ ಮನುಷ್ಯ, ಮಾತು ಕಡಿಮೆ, ಕೆಮ್ಮು ಜಾಸ್ತಿ. ಆರು ವರ್ಷದಿಂದ ಅವನಿಗೆ ನೆಲ ಉಜ್ಜುವ ಮೆಷಿನ್ನಿನದೇ ಕೆಲಸ. ಹಳೇ ಸಿಮೆಂಟಿನ ಮೇಲ್ಪದರ ಕೆರೆದು ತೆಗೆಯುವ ಆ ಯಂತ್ರ ಎಬ್ಬಿಸುವ ಧೂಳನ್ನು ಒಂದು ದಿನ ನಾವು ಕುಡಿದೆವು, ಸಾಕಾಯಿತು. ಅವನು ಆರು ವರ್ಷ ಕುಡಿದಿದ್ದ.

ಶುಕ್ರವಾರ ಪ್ರೈಮರ್ ಬಳಿದ ಮೇಲೆ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತಾ ಅವನೇ ಹೇಳಿದ. (ಮಾತೆಲ್ಲ ತಮಿಳಿನಲ್ಲಿ. ನಿಮಗೋಸ್ಕರ ಕನ್ನಡಕ್ಕೆ ತಂದಿದ್ದೇನೆ.) "ನಾಳೆ ಮೇಲಿನ ಕೋಟು ಸಾರ್. ಕಲಸೋದು, ಹಾಕೋದು ಎರಡೂ ನಾನೇ. ಮೊದಲನೇ ಸಲ ನನ್ನ ಕೈಗೆ ಕೊಟ್ಟಿದ್ದಾರೆ. ಇದು ಸರಿಯಾಗಿ ಬಂದರೆ ಇನ್ನು ಮೇಲೆ ಕೋಟಿಂಗ್ ಕೆಲಸಕ್ಕೇ ಹಾಕ್ಕೋತಾರೆ. ಮೆಷಿನ್ ಹತ್ತಿರ ಹೋಗೋದು ಬೇಡ. ಈ ಎದೆ ಇನ್ನು ಆ ಧೂಳು ತಡೆಯಲ್ಲ ಅಂತ ಡಾಕ್ಟರು ಹೇಳಿಬಿಟ್ಟಿದ್ದಾರೆ."

ಆಮೇಲೆ ಲೋಟ ಕೆಳಗಿಟ್ಟು, "ಮುಗಿದ ಮೇಲೆ ಸೂಪರ್‌ವೈಸರ್ ಹತ್ತಿರ ನನ್ನ ಬಗ್ಗೆ ಒಂದು ಮಾತು ಹೇಳ್ತೀರಾ ಸಾರ್?" ಎಂದ.

"ಅದಕ್ಕೇನಂತೆ, ಖಂಡಿತ," ಎಂದೆ. ಒಂದು ಮಾತು ತಾನೇ?

ಶನಿವಾರ ನನಗೆ ರಜೆ. ಏಳುಮಲೈ ಎಂಟೂವರೆಗೇ ಬಂದ. ಎಣ್ಣೆ ಹಾಕಿ ತಲೆ ಬಾಚಿದ್ದ, ಹಣೆಯಲ್ಲಿ ವಿಭೂತಿ. ನೆಲ ಇನ್ನೊಮ್ಮೆ ಒರೆಸಿ, ಎರಡು ಡಬ್ಬ ಬಿಚ್ಚಿದ. ಒಂದರಲ್ಲಿ ರೆಸಿನ್ ಎಂಬ ಅಂಟು, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ಹಾರ್ಡನರ್. ಬೇರೆ ಬೇರೆ ಇರುವ ತನಕ ಎರಡೂ ಸಾಧುಗಳು, ವರ್ಷಗಟ್ಟಲೆ ಡಬ್ಬದಲ್ಲಿ ಸುಮ್ಮನಿರುತ್ತವೆ. ಸೇರಿಸಿದರೋ, ಅರ್ಧ ಗಂಟೆಯೊಳಗೆ ಬಳಿದು ಮುಗಿಸಬೇಕು, ಇಲ್ಲದಿದ್ದರೆ ಕಲ್ಲಾಗುತ್ತದೆ. (ಮದುವೆಯ ಜೋಕನ್ನು ನೀವೇ ಮಾಡಿಕೊಳ್ಳಿ, ನಾನು ಮಾಡಿದರೆ ರಮಾ ಓದುತ್ತಾಳೆ.) ಬಕೆಟ್ಟಿಗೆ ಎರಡನ್ನೂ ಸುರಿದು, ಡ್ರಿಲ್ ಮೆಷಿನ್ನಿಗೆ ಸಿಕ್ಕಿಸಿದ ಸರಳಿನಿಂದ ಮಜ್ಜಿಗೆ ಕಡೆದ ಹಾಗೆ ಕಲಸಿದ.

ನಾನು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದೆ. ಸುಮ್ಮನೆ ವಾಚು ನೋಡಿಕೊಂಡೆ. ಒಂಬತ್ತು ಗಂಟೆ ಐದು ನಿಮಿಷ.

ಆ ದಿನ ಬೆಳಿಗ್ಗೆ ಗೋಡೆಯ ಮೇಲಿರುವ ದಿನಸೂಚಿ ಕ್ಯಾಲೆಂಡರಿನ ಹಾಳೆ ಹರಿದವನು ನಾನೇ. ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿತ್ತು: ರಾಹುಕಾಲ ಒಂಬತ್ತರಿಂದ ಹತ್ತೂವರೆ.

ಈಗ ನೀವು ನಗಬೇಕು. ಎರಡು ವರ್ಷದ ಹಿಂದೆ ಇದೇ ಅಂಕಣದಲ್ಲಿ ರಾಹುಕಾಲವನ್ನು ಗೇಲಿ ಮಾಡಿ ಬರೆದವನು ನಾನು. 'ಎಗ್ಮೋರ್ ಸ್ಟೇಷನ್ನಿನಲ್ಲಿ ಗಾರ್ಡು ಹಸಿರು ಬಾವುಟ ಬೀಸುವ ಮುಂಚೆ ಪಂಚಾಂಗ ನೋಡುತ್ತಾನೆಯೇ?' ಎಂದು ಕೇಳಿದ್ದೆ. ಬೈದು ಬಂದ ಕಾಗದಗಳನ್ನು ಇನ್ನೂ ಜೋಪಾನವಾಗಿ ಇಟ್ಟಿದ್ದೇನೆ.

ಅಂಥವನು ಅವತ್ತು ಬಾಯಿ ಬಿಟ್ಟು, "ಏಳುಮಲೈ, ಸ್ವಲ್ಪ ನಿಲ್ಲಿಸಪ್ಪ. ಹತ್ತೂವರೆ ಆಗಲಿ," ಎಂದುಬಿಟ್ಟೆ.

ನನಗೆ ನಾನು ಕೊಟ್ಟುಕೊಂಡ ಕಾರಣ: ಅಮ್ಮ. ಎಂಬತ್ತು ದಾಟಿದ ಅಮ್ಮ ಮೈಸೂರಿನಿಂದ ಮದುವೆಯಾಗಿ ಬಂದು ಅರವತ್ತು ವರ್ಷದಿಂದ ಈ ತಮಿಳು ಊರಲ್ಲಿದ್ದಾಳೆ. ಕನ್ನಡದ ಪಂಚಾಂಗವೂ ಬೇಕು, ತಮಿಳಿನ ಕ್ಯಾಲೆಂಡರೂ ಬೇಕು. ಒಳಗೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ಅವಳಿಗೆ ಗೊತ್ತಾದರೆ ಬೇಜಾರಾಗುವುದಿಲ್ಲವೇ? ದೊಡ್ಡವರ ಮನಸ್ಸು ಯಾಕೆ ನೋಯಿಸಬೇಕು? ನಾನು ಎಷ್ಟು ಒಳ್ಳೆಯ ಮಗ ಎಂದು ನನಗೇ ಒಂದು ಕ್ಷಣ ಅನ್ನಿಸಿತು.

ಏಳುಮಲೈ ಡ್ರಿಲ್ ನಿಲ್ಲಿಸಿ ಗಾಬರಿಯಿಂದ ನೋಡಿದ. "ಕಲಂದಾಚ್ಚೇ ಸಾರ್," ಎಂದ. ಕಲಸಿಯಾಯಿತಲ್ಲ ಸಾರ್, ಎಂದು.

"ಅದಕ್ಕೇನು, ಒದ್ದೆ ಗೋಣಿಚೀಲ ಮುಚ್ಚಿಡು."

"ನಿಲ್ಲಲ್ಲ ಸಾರ್. ಈ ಬಿಸಿಲಿಗೆ ಅರ್ಧ ಗಂಟೇನೂ ಬರಲ್ಲ."

ಕಂಟ್ರಾಕ್ಟಿನವರು ಹೇಳುವುದೆಲ್ಲ ಹೀಗೇ, ಎರಡು ಪಾಲು ಹೆದರಿಸುತ್ತಾರೆ, ಎಂಬುದು ನನ್ನ ಸರ್ವೀಸಿನ ತಿಳಿವಳಿಕೆ. ಅರ್ಧ ಗಂಟೆ ಎಂದರೆ ಒಂದೂವರೆ ಗಂಟೆ ಇದ್ದೇ ಇರುತ್ತದೆ ಎಂದು ಲೆಕ್ಕ ಹಾಕಿದೆ. "ಮನೇಲಿ ದೊಡ್ಡವರಿದ್ದಾರಪ್ಪ, ಅರ್ಥ ಮಾಡ್ಕೋ," ಎಂದೆ. ಅವನು ಬಕೆಟ್ಟನ್ನು ನೋಡಿದ, ನನ್ನನ್ನು ನೋಡಿದ. ಮನೆಯ ಯಜಮಾನ ನಾನು. ಗೋಪಾಲನ್ ಹತ್ತಿರ ಆಡಬೇಕಾಗಿದ್ದ ಆ ಒಂದು ಮಾತೂ ನನ್ನದೇ. ಸರಳನ್ನು ಡ್ರಿಲ್ಲಿನಿಂದ ಬಿಡಿಸಿ ಬಕೆಟ್ಟಿನಲ್ಲೇ ಬಿಟ್ಟು, ಗೋಣಿಚೀಲ ನೆನೆಸಿ ಹೊದಿಸಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ನಾನು ಪೇಪರ್ ಓದಲು ಒಳಗೆ ಹೋದೆ.

ಇಪ್ಪತ್ತೈದು ನಿಮಿಷಕ್ಕೆ ಕೂಗಿದ. ಗೋಣಿಚೀಲದಿಂದ ಹಬೆ ಏಳುತ್ತಿತ್ತು. ಕೆಟ್ಟ ವಾಸನೆ. ಬಕೆಟ್ಟಿನ ಮೈ ಮುಟ್ಟಿದರೆ ಚುರ್ ಎನ್ನುವಷ್ಟು ಬಿಸಿ. ಏಳುಮಲೈ ಎರಡೂ ಕೈಯಲ್ಲಿ ಸರಳು ಹಿಡಿದು ಎಳೆಯುತ್ತಿದ್ದ. ಸರಳಿನ ಜೊತೆ ಬಕೆಟ್ಟೇ ಎದ್ದು ಬಂತು.

ಗೋಪಾಲನ್ನಿಗೆ ನಮ್ಮ ಮನೆಯ ಫೋನಿನಿಂದಲೇ ಹೇಳಿದ್ದಾಯಿತು. ಅಂಬತ್ತೂರಿನಿಂದ ಬೈಕಿನಲ್ಲಿ ಬರುವ ಹೊತ್ತಿಗೆ ಹನ್ನೊಂದು ಗಂಟೆ. ರಾಹುಕಾಲ ಯಾವಾಗಲೋ ಮುಗಿದಿತ್ತು. ಬಕೆಟ್ಟು ನೋಡಿದವನೇ ಏಳುಮಲೈ ಮೇಲೆ ಹರಿಹಾಯ್ದ. ಹಾರ್ಡನರ್ ಅಳತೆ ತಪ್ಪಿದೆ, ಆರು ವರ್ಷ ನೋಡಿಯೂ ಕಲಿಯಲಿಲ್ಲ, ಮೆಷಿನ್ ತಳ್ಳುವವನ ಕೈಗೆ ಇದನ್ನು ಕೊಟ್ಟ ತನ್ನ ಬುದ್ಧಿಗೆ ಹೇಳಬೇಕು, ಎಂದೆಲ್ಲ.

ಏಳುಮಲೈ ಒಂದೇ ಒಂದು ಸಲ ನನ್ನ ಕಡೆ ನೋಡಿದ. ದೂರುವ ನೋಟ ಅದಲ್ಲ. ನಾನು ಹೇಳುತ್ತೇನೆ ಎಂದು ಕಾಯುವ ನೋಟ.

ನಾನು ಹೇಳಿದೆ ಕೂಡ. ಏನು ಹೇಳಿದೆ ಗೊತ್ತೆ? "ಹೋಗಲಿ ಬಿಡಿ ಗೋಪಾಲನ್. ತಪ್ಪು ಯಾರು ಮಾಡಲ್ಲ? ಪಾಪ, ಬೈಬೇಡಿ."

ನನ್ನ ತಪ್ಪಿಗೆ ಅವನನ್ನು ಕ್ಷಮಿಸಿದೆ. ಗೋಪಾಲನ್ ಕೈ ಮುಗಿದು, "ನಿಮ್ಮಂಥ ಕಸ್ಟಮರ್ ಸಿಗಲ್ಲ ಸಾರ್," ಎಂದ. ಬಕೆಟ್ಟಿನ ಪಕ್ಕ ನಿಂತಿದ್ದ ಏಳುಮಲೈಯೂ ನನಗೆ ಕೈ ಮುಗಿದ. ಅವನು ಯಾಕೆ ಮುಗಿದ ಎಂದು ಯೋಚಿಸಿದರೆ ನಾಚಿಕೆಯಾಗುತ್ತದೆ.

ಉಳಿದಿದ್ದ ಇನ್ನೊಂದು ಜೊತೆ ಡಬ್ಬವನ್ನು ಗೋಪಾಲನ್ ಪ್ಯಾಂಟು ಮಡಿಸಿಕೊಂಡು ತಾನೇ ಕಲಸಿ, ತಾನೇ ಬಳಿದ. ಅರ್ಧ ನೆಲಕ್ಕೆ ಸಾಕಾಯಿತು. ಏಳುಮಲೈ ಗೇಟಿನ ಹೊರಗೆ ಕೂತು ಆ ಸರಳನ್ನು ಬಿಡಿಸಲು ಬಕೆಟ್ಟನ್ನು ಸುತ್ತಿಗೆಯಿಂದ ತಟ್ಟುತ್ತಿದ್ದ. ಆ ಟಣ್ ಟಣ್ ಮಧ್ಯಾಹ್ನದವರೆಗೆ ಕೇಳುತ್ತಿತ್ತು.

ಊಟಕ್ಕೆ ಕೂತಾಗ ಅಮ್ಮ ಕೇಳಿದಳು. "ಕೆಲಸ ಯಾಕೋ ನಿಲ್ಲಿಸಿದ್ದೆ ಬೆಳಿಗ್ಗೆ?"

"ರಾಹುಕಾಲ ಇತ್ತಲ್ಲಮ್ಮ. ನಿನಗೆ ಬೇಜಾರಾಗತ್ತೇಂತ."

"ನನ್ನನ್ನ ಕೇಳಿದ್ಯಾ?"

ನಾನು ಅನ್ನ ಕಲಸತೊಡಗಿದೆ.

"ಗುರುವಾರವೇ ಶುರು ಆಯ್ತಲ್ಲೋ ಕೆಲಸ. ಹೊಸದಾಗಿ ಶುರು ಮಾಡೋದಕ್ಕೆ ಕಾಲ ನೋಡ್ತಾರೆ. ನಡೀತಾ ಇರೋದಕ್ಕೆ ಎಂಥಾ ರಾಹುಕಾಲ? ಒಲೆ ಮೇಲೆ ಎಸರು ಕುದೀತಿದ್ರೆ ರಾಹುಕಾಲ ಬಂತು ಅಂತ ಅಕ್ಕಿ ಹಾಕದೆ ಬಿಡ್ತಾರಾ?" ಸಾರು ಬಡಿಸಿಕೊಂಡು ಮತ್ತೆ ಕೇಳಿದಳು, "ಅವನಿಗೆ ಅಷ್ಟು ಬೈದನಲ್ಲ ಆ ಮನುಷ್ಯ, ನೀನೇನು ಹೇಳ್ದೆ?"

"ಹೋಗಲಿ ಬಿಡಿ ಅಂದೆ."

"ಅಷ್ಟೇನಾ?" ಎಂದಳು. ರಮಾ ನನ್ನ ತಟ್ಟೆಗೆ ಹಪ್ಪಳ ಹಾಕಿ ಎದ್ದು ಹೋದಳು.

ನಂಬುವವಳಿಗೆ ಎಲ್ಲಿಯವರೆಗೆ ನಂಬಬೇಕು ಎಂಬ ಲೆಕ್ಕ ಇತ್ತು. ನಂಬದ ನನಗೆ ಆ ಲೆಕ್ಕವೇ ಗೊತ್ತಿರಲಿಲ್ಲ. ನಮ್ಮಂಥವರು ಮೂಢನಂಬಿಕೆಯನ್ನು ಬಾಯಲ್ಲಿ ಬಿಟ್ಟಿರುತ್ತೇವೆ, ಬೆನ್ನುಮೂಳೆಯಲ್ಲಿ ಇಟ್ಟುಕೊಂಡಿರುತ್ತೇವೆ. ಬೇಕಾದಾಗ ಹೊರಗೆ ತೆಗೆದು ಮನೆಯ ಹಿರಿಯರ ಹೆಸರು ಹಚ್ಚುತ್ತೇವೆ. 'ನನಗೇನಿಲ್ಲ, ಅಮ್ಮನಿಗೋಸ್ಕರ.' ಈ ಮಾತನ್ನು ನೀವೂ ಹೇಳಿಲ್ಲವೇ? ಹೊಸ ಸ್ಕೂಟರಿನ ಚಕ್ರದ ಕೆಳಗೆ ನಿಂಬೆಹಣ್ಣು ಇಡುವಾಗ? ಮಗಳ ಜಾತಕ ತೋರಿಸುವಾಗ?

ಸೋಮವಾರ ಹೊಸ ಡಬ್ಬದ ಜೊತೆ ಬೇರೆ ಒಬ್ಬ ಬಂದ. ಆಫೀಸಿಗೆ ಹೊರಟಿದ್ದ ನಾನು ಕೇಳಿದೆ, ಏಳುಮಲೈ ಎಲ್ಲಿ? "ಅವನಾ, ಮೆಷಿನ್ನಿಗೆ ವಾಪಸ್ ಹಾಕಿದ್ದಾರೆ ಸಾರ್. ಶ್ರೀಪೆರಂಬದೂರ್ ಹತ್ತಿರ ದೊಡ್ಡ ಗೋಡೌನ್ ನೆಲ, ಎರಡು ತಿಂಗಳು ಉಜ್ಜೋ ಕೆಲಸ ಇದೆ," ಎಂದ ಹೊಸಬ. ಹೇಳುತ್ತಲೇ ಬಕೆಟ್ಟಿನಲ್ಲಿ ಸರಳು ತಿರುಗಿಸಲು ಶುರು ಮಾಡಿದ. ಸೋಮವಾರದ ರಾಹುಕಾಲ ಏಳೂವರೆಯಿಂದ ಒಂಬತ್ತು. ಆಗ ಗಂಟೆ ಎಂಟು. ನಾನು ಬಾಯಿ ಬಿಡಲಿಲ್ಲ.

ಅಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಫೋನ್ ಮಾಡು," ಎಂದಳು. ಮಾಡಿದೆ.

ಗೋಪಾಲನ್ನಿಗೆ ಎಲ್ಲ ಹೇಳಿದೆ. ಅಳತೆ ಸರಿಯಾಗಿತ್ತು, ಅವನು ಬೇಡವೆಂದರೂ ನಿಲ್ಲಿಸಿದ್ದು ನಾನು, ರಾಹುಕಾಲ ಎಂದು ನಿಲ್ಲಿಸಿದೆ, ತಪ್ಪು ನನ್ನದು. ಗೋಪಾಲನ್ ನಕ್ಕ.

"ಸಾರ್, ನಿಮ್ಮದು ಬಹಳ ದೊಡ್ಡ ಮನಸ್ಸು. ಅವತ್ತೇ ನೋಡಿದೆನಲ್ಲ. ಒಬ್ಬ ಕೂಲಿಯವನನ್ನು ಉಳಿಸೋಕೆ ತಪ್ಪನ್ನ ಮೈಮೇಲೆ ಹಾಕ್ಕೋತಿದ್ದೀರಿ."

"ಇಲ್ಲಪ್ಪ, ನಿಜವಾಗಿ..."

"ಅವನೇ ಒಪ್ಪಿಕೊಂಡಿದ್ದಾನೆ ಸಾರ್. ಅಳತೆ ತಪ್ಪಿತು ಅಂತ ಅವನ ಬಾಯಲ್ಲೇ ಹೇಳಿದ. ನೀವು ಟೆನ್ಷನ್ ಮಾಡ್ಕೋಬೇಡಿ. ಶನಿವಾರ ಹಾಕಿದ ಅರ್ಧ ನೆಲ ಚೆನ್ನಾಗಿ ಬಂದಿದೆ ತಾನೇ?"

ಇನ್ನೊಂದು ಸಲ ಹೇಳಬಹುದಿತ್ತು. ಆಫೀಸಿನ ಕಾಗದದಲ್ಲಿ ಬರೆದು ಸಹಿ ಹಾಕಿ ಕಳಿಸಬಹುದಿತ್ತು. ನಷ್ಟಕ್ಕೆ ಕಾರಣ ಬರೆಯುವುದು ನನ್ನ ಉದ್ಯೋಗವಲ್ಲವೇ? ಎಂಟೂ ಇಪ್ಪತ್ತರ ಎಲೆಕ್ಟ್ರಿಕ್ ಟ್ರೇನಿಗೆ ಹೊತ್ತಾಗಿತ್ತು. "ಹೂಂ, ಚೆನ್ನಾಗಿದೆ," ಎಂದು ಫೋನ್ ಇಟ್ಟೆ.

ನೆಲ ಚೆನ್ನಾಗೇನೋ ಇದೆ. ಎಣ್ಣೆ ಬಿದ್ದರೆ ಒರೆಸಬಹುದು. ಆದರೆ ಶನಿವಾರದ ಬೂದು ಬೇರೆ, ಸೋಮವಾರದ ಬೂದು ಬೇರೆ. ನಡುವೆ ಗೆರೆ ಎಳೆದ ಹಾಗಿದೆ. ಕಾರಿನ ಮುಂದಿನ ಚಕ್ರ ಒಂದರ ಮೇಲೆ, ಹಿಂದಿನದು ಇನ್ನೊಂದರ ಮೇಲೆ. ಅಮ್ಮ ಅದರ ಬಗ್ಗೆ ಏನೂ ಹೇಳುವುದಿಲ್ಲ. ಬಕೆಟ್ಟನ್ನು ಎಸೆಯೋಣ ಎಂದಾಗ ಮಾತ್ರ, "ಇರ್ಲಿ ಬಿಡು, ಗೇಟಿಗಾಗತ್ತೆ," ಎಂದಳು.

ಸುಳ್ಳು ಸಾಕು ಎಂದು ಈ ವಾರ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ, ಹೆಸರು ಸಮೇತ, ಒಪ್ಪಿಕೊಂಡು ಬರೆದಿದ್ದೇನೆ. ಕನ್ನಡದಲ್ಲಿ.

ಅಂಬತ್ತೂರಿನ ಗೋಪಾಲನ್ ಆಫೀಸಿನಲ್ಲಿ ಕನ್ನಡ ಓದಲು ಬರುವವರು ಯಾರಿದ್ದಾರೆ?