ಚಿಕ್ಕಮ್ಮನ ಸೆರಗೂ ನನ್ನ ಕ್ಯಾಮೆರಾಗಳೂ

ನನಗೆ ಸಿಟ್ಟು ಜಾಸ್ತಿ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ನಮ್ಮ ಯಜಮಾನರು ಹೇಳುತ್ತಾರೆ. ಹಾಲಿನವನ ಮೇಲೆ, ಹೆಬ್ಬಾಳದ ಫ್ಲೈಓವರಿನ ಮೇಲೆ, ಅದರ ಮೇಲೆ ಅಲುಗಾಡದೆ ನಿಂತ ಬಸ್ಸಿನ ಮೇಲೆ, ಆ ಬಸ್ಸಿನಲ್ಲಿ ಜೋರಾಗಿ ಮೊಬೈಲ್ ಹಾಕಿಕೊಂಡು ಕೂತವರ ಮೇಲೆ, ಎಲ್ಲರ ಮೇಲೂ ಬರುತ್ತದೆ, ಕಾಫಿ ಕುಡಿಯುವಷ್ಟರಲ್ಲಿ ಇಳಿಯುತ್ತದೆ. ಆದರೆ ಕ್ಯಾಮೆರಾಗಳ ಮೇಲೆ ಬಂದ ಸಿಟ್ಟು ಮಾತ್ರ ಎಷ್ಟು ಕಾಫಿ ಕುಡಿದರೂ ಇಳಿದಿಲ್ಲ. ಎಲ್ಲಾದರೂ ಇಳಿಸಬೇಕಲ್ಲ? ನೀವು ಸಿಕ್ಕಿದಿರಿ, ಕೂತು ಕೇಳಿ.

ಶುರುವಾದದ್ದು ಗೋಡೆಯಿಂದ. ಗಂಗಾನಗರದ ನಮ್ಮ ಮನೆಯ ಹಾಲ್‌ನಲ್ಲಿ ಅಮ್ಮನ ಫೋಟೋ ಇದೆ. ಅಮ್ಮ ಹೋದಾಗ ಮನೆಯೆಲ್ಲ ಹುಡುಕಿದರೂ ಅವಳದೊಂದು ನೆಟ್ಟಗಿನ ಫೋಟೋ ಸಿಗಲಿಲ್ಲ. ಎಲ್ಲರ ಮದುವೆ ಆಲ್ಬಮ್ಮುಗಳಲ್ಲೂ ಅವಳು ಇದ್ದಳು, ಅಡುಗೆಮನೆ ಕಡೆಗೆ ಓಡುತ್ತಿರುವ ಬೆನ್ನಾಗಿ. ಕೊನೆಗೆ ರೇಷನ್ ಕಾರ್ಡಿಗೆಂದು ತೆಗೆಸಿದ್ದ ಅಂಚೆಚೀಟಿಯಷ್ಟು ಮುಖವನ್ನು ಸ್ಟುಡಿಯೋದವನ ಕೈಗೆ ಕೊಟ್ಟೆವು. ಪುಣ್ಯಾತ್ಮ ಅದನ್ನು ಹಿಗ್ಗಿಸಿ, ಯಾರದೋ ರೇಷ್ಮೆ ಸೀರೆಯ ಮೈಗೆ ಅಂಟಿಸಿ, ಹಿಂದೆ ನೀಲಿ ಮೋಡ ತೇಲಿಬಿಟ್ಟು, ಕೆನ್ನೆಗೆ ಗುಲಾಬಿ ಬಳಿದ. ಅಮ್ಮನ ಎಡ ಹುಬ್ಬು ಬಲಕ್ಕಿಂತ ಒಂಚೂರು ಮೇಲೆ ಇರುತ್ತಿತ್ತು. "ಹುಬ್ಬು ಲೆವೆಲ್ ಮಾಡ್ಬಿಟ್ಟಿದೀನಿ ಮೇಡಂ" ಎಂದು ಗಾರೆ ಕೆಲಸದವನ ಹಾಗೆ ಹೆಮ್ಮೆಯಿಂದ ಹೇಳಿದ. ಆ ಹೊತ್ತಿನಲ್ಲಿ ಬಯ್ಯುವ ಶಕ್ತಿಯೂ ಇರಲಿಲ್ಲ. ತಂದು ಗೋಡೆಗೆ ಹಾಕಿದೆವು.

ತಿಥಿಗೆ ಬಂದ ಚಿಕ್ಕಮ್ಮ ಅದರ ಮುಂದೆ ಬಹಳ ಹೊತ್ತು ನಿಂತಿದ್ದಳು. ಅಳುತ್ತಾಳೆ ಎಂದುಕೊಂಡೆ. ತಿರುಗಿ ಕೇಳಿದಳು: "ಇದ್ಯಾರೇ ಪದ್ದಿ? ನಮ್ಮಕ್ಕ ಯಾವತ್ತೇ ಇಷ್ಟು ಸಾಧುವಾಗಿದ್ಲು?"

ಚಿಕ್ಕಮ್ಮ ಅಂದರೆ ಅಮ್ಮನ ಬೆನ್ನಿಗೆ ಬಿದ್ದ ತಂಗಿ. ಇಬ್ಬರೂ ಹುಟ್ಟಿ ಬೆಳೆದದ್ದು ರಾಜಾನುಕುಂಟೆಯಲ್ಲಿ. ಅವರು ರಾಗಿ ಕೊಯ್ದ ಹೊಲದಲ್ಲಿ ಈಗ ಗೇಟು ಹಾಕಿದ ಬಡಾವಣೆ ಇದೆ, ಒಳಗೆ ಹೋಗಬೇಕಾದರೆ ಸೆಕ್ಯೂರಿಟಿಯವನಿಗೆ ಹೆಸರು ಹೇಳಬೇಕು. ಚಿಕ್ಕಮ್ಮ ಈಗ ಬ್ಯಾಟರಾಯನಪುರದಲ್ಲಿ ಮಗನ ಮನೆಯ ಮುಂದಿನ ಜಗಲಿಯಲ್ಲಿ ಕಾಲು ಚಾಚಿ ಕೂತು, ಹೋಗಿಬರುವವರನ್ನೆಲ್ಲ ವಿಚಾರಿಸಿಕೊಳ್ಳುತ್ತಾಳೆ. ಅವಳಿಗೆ ಅಮ್ಮನ ನಗು ಬಂದಿದೆ. ಮೊದಲು ಸದ್ದಿಲ್ಲದೆ ಭುಜ ಕುಲುಕುತ್ತದೆ, ಆಮೇಲೆ ಕಣ್ಣು ಮುಚ್ಚಿಹೋಗುತ್ತವೆ, ಕೊನೆಗೆ ಎಲೆಯಡಿಕೆಯ ಕೆಂಪು ಬಾಯಿ ತೆರೆದುಕೊಳ್ಳುತ್ತದೆ. ತೆರೆದದ್ದೇ ತಡ, ಸೆರಗು ಬಂದು ಮುಚ್ಚಿಬಿಡುತ್ತದೆ. ಅಮ್ಮನೂ ಹೀಗೇ. ಅವಳ ನಗು ನನ್ನ ತಲೆಯಲ್ಲಿ ದಿನೇ ದಿನೇ ಮಾಸುತ್ತಿದೆ, ಇನ್ನು ಉಳಿದಿರುವುದು ಚಿಕ್ಕಮ್ಮನ ಮುಖದಲ್ಲಿ ಮಾತ್ರ. ಚಿಕ್ಕಮ್ಮನಿಗೂ ವಯಸ್ಸಾಯಿತು. ಅದೂ ಹೋದರೆ ಗೋಡೆಯ ಮೇಲಿನ ಆ ಗುಲಾಬಿ ಕೆನ್ನೆಯ ಹೆಂಗಸೇ ನನ್ನ ಅಮ್ಮನಾಗಿ ಉಳಿದುಬಿಡುತ್ತಾಳಲ್ಲ! ಸೆರಗು ಬರುವ ಮುಂಚೆ ಆ ನಗುವನ್ನು ಹಿಡಿಯಬೇಕು ಎಂದು ಹಟ ಹಿಡಿದೆ.

ಕೇಳಿ ತೆಗೆಯುವ ಹಾಗಿಲ್ಲ. ಫೋಟೋ ವಿಷಯದಲ್ಲಿ ಚಿಕ್ಕಮ್ಮನ ಶಾಸ್ತ್ರ ಬಹಳ. ವಯಸ್ಸಾದವರು ಒಬ್ಬರೇ ತೆಗೆಸಿಕೊಳ್ಳಬಾರದು, ಅದು ಗೋಡೆಗೆ ಏರಿಸುವುದಕ್ಕೇ. ಮೂವರು ನಿಲ್ಲಬಾರದು, ಒಬ್ಬರಿಗೆ ಆಗಿಬರುವುದಿಲ್ಲ. ಇಬ್ಬರೇ ನಿಂತರೆ ಪರವಾಗಿಲ್ಲ, ಆದರೆ ನಿಂತ ತಕ್ಷಣ ಉಸಿರು ಬಿಗಿಹಿಡಿದು, ಪೊಲೀಸ್ ಠಾಣೆಯಲ್ಲಿ ಹೇಳಿಕೆ ಕೊಡುವವಳ ಹಾಗೆ ಮುಖ ಮಾಡುತ್ತಾಳೆ. ಹಾಗಾಗಿ ಕದ್ದೇ ತೆಗೆಯಬೇಕು. ಕದಿಯುವವರಿಗೆ ಚುರುಕಾದ ಆಯುಧ ಬೇಕು ತಾನೇ?

ಮೊದಲು ಮೊಬೈಲಿನಲ್ಲೇ ತೆಗೆದೆ. ಅರ್ಧ ನಗು ಸಿಕ್ಕೇಬಿಟ್ಟಿತು! ಹಿಗ್ಗಿ ನೋಡುತ್ತೇನೆ, ಚಿಕ್ಕಮ್ಮನ ಮುಖದ ಸುಕ್ಕುಗಳೆಲ್ಲ ಮಾಯ. ಇಸ್ತ್ರಿ ಹೊಡೆದ ಹಾಗಿದೆ. ಗಲ್ಲದ ನರುಳ್ಳೆಯನ್ನೂ ನುಂಗಿಹಾಕಿದೆ. ಚಿಕ್ಕಮ್ಮನಿಗೆ ತೋರಿಸಿದರೆ, "ಇವ್ಳು ಯಾವ ಸೀರಿಯಲ್ನಾಗೆ ಬತ್ತಾಳೆ?" ಎಂದಳು. ಸುಂದರಗೊಳಿಸುವ ಆ ಸೌಲಭ್ಯವನ್ನು ಹುಡುಕಿ ಹುಡುಕಿ ಆಫ್ ಮಾಡಿದೆ. ಆದರೂ ಒಳಗೊಳಗೇ ಸ್ವಲ್ಪ ನುಣುಪು ಮಾಡುತ್ತಲೇ ಇತ್ತು, ಕದ್ದು ಸಕ್ಕರೆ ತಿನ್ನುವ ಡಯಾಬಿಟೀಸಿನವರ ಹಾಗೆ. ಎಪ್ಪತ್ತು ವರ್ಷ ಬಿಸಿಲಲ್ಲಿ ಬೆಂದು ಸಂಪಾದಿಸಿದ ಸುಕ್ಕು ಅದು. ಒರೆಸಿಹಾಕು ಎಂದು ಇದಕ್ಕೆ ಹೇಳಿದವರು ಯಾರು? ಸ್ಟುಡಿಯೋದವನಾದರೂ ಕಣ್ಣೆದುರು ಇದ್ದ, ಬೇಕೆಂದರೆ ಬಯ್ಯಬಹುದಿತ್ತು. ಇದನ್ನು ಮಾಡಿದವನು ಯಾವ ದೇಶದಲ್ಲಿ ಕೂತಿದ್ದಾನೋ.

ಆರ್.ಟಿ. ನಗರದ ಮುಖ್ಯರಸ್ತೆಯಲ್ಲಿ ಫಯಾಜ್ ಭಾಯಿಯ ಅಂಗಡಿ ಇದೆ. ಹಳೆಯದು ಹೊಸದು ಎರಡೂ ಮಾರುತ್ತಾರೆ, ಹಿಡಿಸದಿದ್ದರೆ ವಾಪಸ್ ತಗೊಂಡು ಬೇರೆ ಕೊಡುತ್ತಾರೆ. ನಾನು ಕಷ್ಟ ಹೇಳಿಕೊಂಡೆ. ಅವರು ಅಂಗೈಯಗಲದ ಬೆಳ್ಳಿ ಬಣ್ಣದ ಒಂದು ಕ್ಯಾಮೆರಾ ತೆಗೆದಿಟ್ಟು, "ಇದಕ್ಕೆ ದಿಮಾಗ್ ಇದೆ ಅಕ್ಕಾ. ಎದುರಿಗೆ ಇರೋರು ನಕ್ರೆ ಸಾಕು, ತಾನೇ ಹೊಡ್ಕೊಳ್ಳುತ್ತೆ. ನೀವು ಸುಮ್ನೆ ಹಿಡ್ಕೊಂಡು ನಿಂತ್ಕೊಳ್ಳಿ" ಎಂದರು.

ಹಿಡಿದುಕೊಂಡು ನಿಂತೆ. ಚಿಕ್ಕಮ್ಮ ಪಕ್ಕದ ಮನೆಯವಳ ಜೊತೆ ಮಾತಾಡುತ್ತ ನಕ್ಕಳು, ಸೆರಗು ಬಂತು, ಕ್ಯಾಮೆರಾ ತೆಪ್ಪಗಿತ್ತು. ಮತ್ತೆ ನಕ್ಕಳು, ಮತ್ತೆ ಸೆರಗು. ಇದ್ದಕ್ಕಿದ್ದಂತೆ ಕ್ಲಿಕ್ ಎಂದಿತು! ನೋಡಿದರೆ ಹಿಂದಿನ ಗೋಡೆಯ ಕ್ಯಾಲೆಂಡರಿನಲ್ಲಿ ಕೈಮುಗಿದು ಹಲ್ಲು ಕಿರಿಯುತ್ತಿದ್ದ ಆ ವಾರ್ಡಿನ ಮುಖಂಡ. ಇಡೀ ಜಗಲಿಯಲ್ಲಿ ಅದಕ್ಕೆ ನಗು ಎಂದು ಕಂಡದ್ದು ಅದೊಂದೇ! ಸರಿ, ನಾನೇ ಗುಂಡಿ ಒತ್ತುತ್ತೇನೆ ಎಂದರೆ, ಒತ್ತಿದ ಮೇಲೆ ಅದು ಸ್ವಲ್ಪ ಹೊತ್ತು ಯೋಚಿಸುತ್ತದೆ. ಅಳತೆ ಮಾಡುತ್ತದೆ, ಮೂತಿ ಹೊರಗೆ ಚಾಚುತ್ತದೆ, ಒಳಗೆ ಎಳೆದುಕೊಳ್ಳುತ್ತದೆ, ಆಮೇಲೆ ತೆಗೆಯುತ್ತದೆ. ಅಷ್ಟರಲ್ಲಿ ನಗು ಮುಗಿದು ಮನೆಗೆ ಹೋಗಿರುತ್ತದೆ. ಚಿಕ್ಕಮ್ಮನ ಬಳಿ ಇರುವ ಸೀರೆಗಳ ಸೆರಗಿನ ಸಂಪೂರ್ಣ ಸಂಗ್ರಹ ನನ್ನಲ್ಲಿ ತಯಾರಾಯಿತು. ಸಿಟ್ಟಿಗೆ ಅದನ್ನು ಜಗಲಿಯ ಕಲ್ಲಿನ ಮೇಲೆ ಕುಕ್ಕಿದೆ, ಒಂದು ಮೂಲೆ ತಗ್ಗಾಯಿತು.

ಈ ಫೋಟೋಗೂ ನೆಟ್ಟಗೆ ಕೂತುಕೊಳ್ಳುವುದಕ್ಕೂ ಹಳೆಯ ನಂಟು. ಫೋಟೋ ಕಲೆ ಹೊಸದಾಗಿ ಬಂದಾಗ ಒಂದು ಚಿತ್ರ ಮೂಡಬೇಕಾದರೆ ಬಹಳ ಹೊತ್ತು ಹಿಡಿಯುತ್ತಿತ್ತಂತೆ. ತಲೆ ಅಲುಗಾಡದಿರಲೆಂದು ವಿಲಾಯಿತಿಯ ಸ್ಟುಡಿಯೋಗಳಲ್ಲಿ ಕುರ್ಚಿಯ ಹಿಂದೆ ಕಬ್ಬಿಣದ ಕವೆಯೊಂದನ್ನು ನಿಲ್ಲಿಸಿ ಕತ್ತಿಗೆ ಆನಿಸುತ್ತಿದ್ದರು. ಅಷ್ಟು ಹೊತ್ತು ಯಾರು ನಗುತ್ತ ಕೂರುತ್ತಾರೆ? ಅದಕ್ಕೇ ಆ ಕಾಲದ ಮುತ್ತಜ್ಜಂದಿರೆಲ್ಲ ಜಗತ್ತಿನ ಮೇಲೆ ಮುನಿದ ಹಾಗೆ ಕಾಣುತ್ತಾರೆ. ಕವೆ ಹೋಗಿ ಎಷ್ಟೋ ಕಾಲವಾಯಿತು, ನಮ್ಮ ಚಿಕ್ಕಮ್ಮನ ಕತ್ತಿನ ಹಿಂದೆ ಮಾತ್ರ ಇನ್ನೂ ನಿಂತಿದೆ.

ಎರಡನೆಯದಾಗಿ ಫಯಾಜ್ ಭಾಯಿ ಕೊಟ್ಟದ್ದು ದೊಡ್ಡ ಕರಿ ಕ್ಯಾಮೆರಾ. ಗುಂಡುಕಲ್ಲಿನ ತೂಕ, ಸೌತೆಕಾಯಿ ಉದ್ದದ ಲೆನ್ಸು. "ಕಣ್ಣು ಮಿಟುಕಿಸೋದ್ರೊಳಗೆ ಹತ್ತು ಹೊಡೆಯುತ್ತೆ ಅಕ್ಕಾ. ಸೆರಗು ಏನು, ಗುಂಡೂ ತಪ್ಪಿಸ್ಕೊಳ್ಳಲ್ಲ" ಎಂದರು. ಭಾರಕ್ಕೆ ನನ್ನ ಕೈ ನಡುಗುತ್ತದೆ ಎಂದು ಮೂರು ಕಾಲಿನ ಸ್ಟ್ಯಾಂಡೂ ಜೊತೆಗೆ ಬಂತು. ದೂರದಿಂದಲೇ ಹಿಡಿಯೋಣವೆಂದು ಚಿಕ್ಕಮ್ಮನ ಮನೆಯ ಎದುರುಗಡೆ, ರಸ್ತೆಯ ಆಚೆ ಬದಿಯಲ್ಲಿ, ಹೊಂಗೆ ಮರದ ಕೆಳಗೆ ಸ್ಟ್ಯಾಂಡು ನಿಲ್ಲಿಸಿ, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕ್ಯಾಮೆರಾಕ್ಕೆ ಹಚ್ಚಿದೆ.

ಬ್ಯಾಟರಾಯನಪುರದಂಥ ಊರಲ್ಲಿ ಮೂರು ಕಾಲಿನ ಮೇಲೆ ಯಂತ್ರ ನಿಲ್ಲಿಸಿ ಒಕ್ಕಣ್ಣಲ್ಲಿ ನೋಡುವವರು ಯಾರು ಎಂದು ನಾನು ಯೋಚಿಸಬೇಕಿತ್ತು. ಮೊದಲು ಪಕ್ಕದ ಮನೆಯ ಬಾಗಿಲು ತೆರೆಯಿತು, ಆಮೇಲೆ ಅದರ ಪಕ್ಕದ್ದು. ನೋಡುನೋಡುತ್ತಿದ್ದಂತೆ ಬೀದಿ ತುಂಬಿತು. "ಎಷ್ಟು ಅಡಿ ಹೋಗುತ್ತೆ ಮೇಡಂ?" ಎಂದು ಒಬ್ಬರು ನನ್ನನ್ನೇ ಕೇಳಿದರು. "ನಮ್ಮ ಕಾಂಪೌಂಡ್ ಮುಟ್ಟಿದ್ರೆ ಸರಿ ಇರಲ್ಲ, ಹೇಳ್ಬಿಟ್ಟಿದೀನಿ" ಎಂದು ಇನ್ನೊಬ್ಬರು. ರಸ್ತೆ ಅಗಲ ಮಾಡಲು ಸರ್ವೆಯವರು ಬಂದಿದ್ದಾರೆ ಎಂದು ಸುದ್ದಿಯಾಗಿತ್ತು. ನನ್ನನ್ನು ಗುರುತಿಸದ ಚಿಕ್ಕಮ್ಮ ಒಳಗಿನಿಂದ ಖಾತೆ ಕಾಗದಗಳ ಚೀಲವನ್ನೇ ಎತ್ತಿಕೊಂಡು ಬಂದಿದ್ದಳು.

"ನಾನು ಕಣೇ ಚಿಕ್ಕಮ್ಮ, ಪದ್ದಿ!"

"ಅಯ್ಯೋ ನಿನ್ ಮನೆ ಕಾಯ್ವಾಗ! ಒಂದು ಸಲ ಇಂಗೇ ನೋಡಿ ನೋಡಿನೇ ನಮ್ ವೊಲ ತಗೊಂಡೋದ್ರು. ಎದೆ ಒಡ್ದೋಯ್ತಲ್ಲೇ!"

ನಗು ಎಲ್ಲಿಂದ ಬರಬೇಕು? ಜನರಿಗೆಲ್ಲ ಸಮಾಧಾನ ಹೇಳಿ, ಬಯ್ಸಿಕೊಂಡು, ಸ್ಟ್ಯಾಂಡು ಮಡಿಸಿ ಮನೆಗೆ ಬಂದೆ.

ಮೂರನೆಯದು ಬಹಳ ಬುದ್ಧಿವಂತ ಜಾತಿ. ಸದ್ದೇ ಮಾಡುವುದಿಲ್ಲ, ಕಣ್ಣನ್ನು ಹುಡುಕಿ ಹಿಡಿಯುತ್ತದೆ ಎಂದು ಯೂಟ್ಯೂಬಿನ ಹುಡುಗರೆಲ್ಲ ಆಣೆ ಮಾಡಿ ಹೇಳಿದ್ದರು. ಆ ಹುಡುಗರ ವಿಷಯ ಎತ್ತಬೇಡಿ. ಡಬ್ಬ ಬಿಚ್ಚುವುದನ್ನೇ ಅರ್ಧ ಗಂಟೆ ತೋರಿಸುತ್ತಾರೆ, ತೆಗೆದ ಫೋಟೋ ತೋರಿಸುವ ಹೊತ್ತಿಗೆ ಸಬ್‌ಸ್ಕ್ರೈಬ್ ಮಾಡಿ ಎಂದು ಕಾಲಿಗೆ ಬೀಳುತ್ತಾರೆ. ಈ ಕ್ಯಾಮೆರಾ ಚಿಕ್ಕಮ್ಮನ ಕಣ್ಣು ಬಿಟ್ಟು ಮೂಗುಬೊಟ್ಟನ್ನು ಹಿಡಿದುಕೊಂಡಿತು. ಮೂಗುಬೊಟ್ಟು ಮಾತ್ರ ಫಳಫಳ, ಚಿಕ್ಕಮ್ಮ ಮಂಜು ಮಂಜು. ಅದನ್ನೂ ತಿದ್ದಿಕೊಂಡು ಮತ್ತೊಂದು ದಿನ ಹೋಗಿ, ತಾಳ್ಮೆಯಿಂದ ಕಾದು ಕೂತೆ. ಕೊನೆಗೂ ಭುಜ ಕುಲುಕಿತು, ಕಣ್ಣು ಮುಚ್ಚಿತು, ಬಾಯಿ ತೆರೆಯಿತು, ನಾನು ಒತ್ತಿದೆ. ಕ್ಯಾಮೆರಾ ನಿದ್ದೆ ಹೋಗಿತ್ತು! ಬ್ಯಾಟರಿ ಉಳಿಸುತ್ತಿತ್ತಂತೆ. ಯಾರಿಗೆ? ಅದರ ಮೊಮ್ಮಕ್ಕಳಿಗಾ?

ನೇರ ಫಯಾಜ್ ಭಾಯಿಯ ಅಂಗಡಿಗೆ ಹೋಗಿ ಅದನ್ನು ಕೌಂಟರಿನ ಮೇಲೆ ಇಟ್ಟೆ. ನನ್ನ ಮುಖ ನೋಡಿ ಅವರು ಮೊದಲು ಟೀ ತರಿಸಿದರು. ಆಮೇಲೆ ಗಾಜಿನ ಕಪಾಟಿನಿಂದ ಏನನ್ನೋ ತೆಗೆದು, ಬಟ್ಟೆಯಲ್ಲಿ ಒರೆಸಿ, ಮೆಲ್ಲಗೆ ಮುಂದೆ ಸರಿಸಿದರು.

"ಅಕ್ಕಾ, ಈಗ ಹಳೇ ಡಿಜಿಟಲ್ಗೇ ಡಿಮ್ಯಾಂಡು. ಕಾಲೇಜ್ ಹುಡ್ಗೀರು ಹುಡ್ಕೊಂಡ್ ಬರ್ತಾರೆ. ಇದು ಸಿಂಗಲ್ ಓನರ್ದು. ಲೇಡೀಸ್ ಯೂಸ್ ಮಾಡಿರೋದು, ನೀಟಾಗ್ ಇಟ್ಕೊಂಡಿದಾರೆ."

ಬೆಳ್ಳಿ ಬಣ್ಣ. ಅಂಗೈಯಗಲ. ಒಂದು ಮೂಲೆ ತಗ್ಗಾಗಿತ್ತು.

"ಆ ಲೇಡೀಸ್ ನಾನೇ ಕಣ್ರೀ!"

ಫಯಾಜ್ ಭಾಯಿಯ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಅದಕ್ಕೇ ಅಕ್ಕಾ, ನಿಮ್ಮ ಕೈಗೆ ಕರೆಕ್ಟಾಗಿ ಕೂತಿದೆ" ಎಂದರು. ಇಂಥವರ ಜೊತೆ ಜಗಳವಾಡುವುದು ಹೇಗೆ? ಅದನ್ನೇ ಕಿತ್ತುಕೊಂಡು ಹೊರಟೆ.

ಅವರೆಕಾಯಿ ಕಾಲ. ಚಿಕ್ಕಮ್ಮ ಜಗಲಿಯಲ್ಲಿ ನೆನೆದ ಅವರೆಕಾಳನ್ನು ಹಿತಕುತ್ತಿದ್ದಳು. ಬೆರಳಲ್ಲಿ ಒತ್ತಿದರೆ ಬೇಳೆ ಸಿಪ್ಪೆ ಬಿಟ್ಟು ಪಾತ್ರೆಗೆ ಹಾರುತ್ತಿತ್ತು. ನಾನೂ ಕೂತು ಹಿತಕುತ್ತ, ಕ್ಯಾಮೆರಾದವರನ್ನು, ಫಯಾಜ್ ಭಾಯಿಯನ್ನು, ಯೂಟ್ಯೂಬಿನವರನ್ನು, ಅಮ್ಮನ ಹುಬ್ಬು ಮಟ್ಟ ಮಾಡಿದ ಆ ಸ್ಟುಡಿಯೋದವನನ್ನು ಸಾಲಾಗಿ ಬಯ್ದೆ. ಗುಟ್ಟೂ ಬಾಯಿಬಿಟ್ಟೆ. "ನಿನ್ ನಗು ಬೇಕಿತ್ತು ಕಣೇ ನನಗೆ. ಅಮ್ಮಂದೂ ಅದೇ ನಗು ಅಲ್ವಾ? ಗೋಡೆ ಮೇಲಿರೋಳು ಅಮ್ಮ ಅಲ್ಲ."

ಚಿಕ್ಕಮ್ಮ ಕೈಯನ್ನು ಸೀರೆಗೆ ಒರೆಸಿಕೊಂಡಳು. "ಕೊಡಿಲ್ಲಿ. ಅದೇನ್ ಅಂಗೆ ಆಟ ಆಡಿಸ್ತದೋ ನಾನೂ ನೋಡ್ತೀನಿ. ನೀನ್ ಕೂತ್ಕೊ, ನಾನ್ ತೆಗೀತೀನಿ."

ಎರಡೂ ಕೈಯಲ್ಲಿ, ಬಿಸಿ ಪಾತ್ರೆ ಹಿಡಿದ ಹಾಗೆ ಹಿಡಿದುಕೊಂಡಳು. ನಾನು ಮುಗುಳ್ನಗುತ್ತ ಕೂತೆ. ಏನೂ ಆಗಲಿಲ್ಲ. "ಆಯ್ತಾ?" ಎಂದೆ. "ಒತ್ತುದ್ನಲ್ಲೇ" ಎಂದಳು. ಮತ್ತೆ ಮುಗುಳ್ನಕ್ಕೆ. ಮತ್ತೆ ಏನೂ ಇಲ್ಲ. ಮೂತಿ ಹೊರಗೆ ಬಂತು, ಒಳಗೆ ಹೋಯಿತು. ನನ್ನ ದವಡೆ ನೋಯತೊಡಗಿತು.

"ಒತ್ತಿ ಹಿಡ್ಕೋ ಅಂದ್ರೆ! ಆ ಬೆರಳಲ್ಲ ಚಿಕ್ಕಮ್ಮ! ಮೇಲಿರೋ ಗುಂಡಿ, ಮೇಲೆ! ಒಂದು ಮಾತು ಹೇಳಿದ್ರೆ ತಲೆಗೆ ಹೋಗಲ್ವಾ ನಿಂಗೆ!"

ಕ್ಲಿಕ್.

ಚಿಕ್ಕಮ್ಮ ಪರದೆಯನ್ನು ನೋಡಿದಳು. ನೋಡುತ್ತಲೇ ಇದ್ದಳು. "ಅಯ್ಯೋ... ಅಕ್ಕ" ಎಂದಳು. ಭುಜ ಕುಲುಕಿತು. ಕಣ್ಣು ಮುಚ್ಚಿಹೋದವು. ಬಾಯಿ ತೆರೆಯಿತು. ಕೈಯೆರಡೂ ಕ್ಯಾಮೆರಾ ಹಿಡಿದುಕೊಂಡಿದ್ದರಿಂದ ಸೆರಗು ಹೆಗಲ ಮೇಲೆಯೇ ಉಳಿಯಿತು. ಇಡೀ ನಗು, ಕೆಂಪು ನಾಲಗೆ, ಮುಂದಿನ ಎರಡು ಹಲ್ಲಿನ ನಡುವಿನ ಸಂದು, ಕಣ್ಣಿನ ಮೂಲೆಯಲ್ಲಿ ನೀರು. ಇಷ್ಟು ದಿನ ಯಾವುದರ ಹಿಂದೆ ಓಡಿದೆನೋ ಅದು ನನ್ನೆದುರಿಗೆ ಜಗಲಿಯಲ್ಲಿ ಕೂತು ನಗುತ್ತಿತ್ತು, ನನ್ನ ಕೈಯಲ್ಲಿ ಅವರೆಕಾಳಿತ್ತು. ರೆಪ್ಪೆ ಬಡಿಯದೆ ನೋಡಿದೆ. ನೋಡುವುದೊಂದೇ ಉಳಿದಿತ್ತು.

"ನೋಡಿಲ್ಲಿ, ನೋಡು. ಇಂಗೇ ಬಯ್ತಿದ್ಲು ನನ್ನ" ಎಂದು ಚಿಕ್ಕಮ್ಮ ಕ್ಯಾಮೆರಾವನ್ನು ನನ್ನತ್ತ ತಿರುಗಿಸಿದಳು.

ಪರದೆಯಲ್ಲಿ ಅಮ್ಮ ಇದ್ದಳು. ನನ್ನ ಸೀರೆ ಉಟ್ಟುಕೊಂಡು, ಬಾಯಿ ಅರ್ಧ ತೆರೆದು, ಎಡ ಹುಬ್ಬನ್ನು ಹಣೆಯ ಮೇಲಕ್ಕೆ ಏರಿಸಿಕೊಂಡು, ಯಾರನ್ನೋ ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ಕನ್ನಡಿಯ ಮುಂದೆ ನಾನು ಎಷ್ಟೋ ಸಲ ನಿಂತಿದ್ದೇನೆ, ಈ ಮುಖವನ್ನು ಮಾತ್ರ ಎಂದೂ ಕಂಡಿರಲಿಲ್ಲ. ಸಿಟ್ಟು ಬಂದಾಗ ಕನ್ನಡಿ ಹುಡುಕಿಕೊಂಡು ಯಾರು ಹೋಗುತ್ತಾರೆ? ಸಿಟ್ಟಿನ ಮುಖ ಎದುರಿಗೆ ಸಿಕ್ಕವರ ಪಾಲಿಗೇ ಇರುವುದು. ನಮ್ಮ ಯಜಮಾನರು ಇಷ್ಟು ವರ್ಷ ದಿನಾ ನೋಡಿದ್ದಾರೆ, ನಿಮ್ಮಮ್ಮನ ಹಾಗೇ ಇದೆ ಎಂದು ಒಂದು ದಿನವಾದರೂ ಹೇಳಬಾರದಿತ್ತೇ? ಹೇಳುವ ಧೈರ್ಯ ಬಂದಿರಲಿಕ್ಕಿಲ್ಲ.

ಚಿಕ್ಕಮ್ಮನನ್ನು ಕೇಳಿದೆ, ಇದನ್ನು ದೊಡ್ಡದು ಮಾಡಿಸಿ ಅಮ್ಮನ ಫೋಟೋ ಕೆಳಗೆ ಇಡುತ್ತೇನೆ, ಪಕ್ಕದಲ್ಲಿ ನಿನ್ನದೂ ಒಂದು ಇರಲಿ ಎಂದು. "ಮೂರಾಯ್ತದೆ ಕಣೇ, ಬ್ಯಾಡ" ಎಂದು ನಕ್ಕಳು. ಅಷ್ಟು ಹೊತ್ತಿಗೆ ಕ್ಯಾಮೆರಾ ನನ್ನ ಕೈಗೆ ಬಂದಿತ್ತು, ಸೆರಗು ಅವಳ ಬಾಯಿಗೆ ಹೋಗಿತ್ತು. ಈಗ ವಾರಕ್ಕೊಂದು ಸಲ ಬ್ಯಾಟರಾಯನಪುರಕ್ಕೆ ಹೋಗಿ, ಕ್ಯಾಮೆರಾವನ್ನು ಅವಳ ಎರಡೂ ಕೈಗೆ ಕೊಟ್ಟು, ಎದುರಿಗೆ ಕೂತು ಬಯ್ಯುತ್ತೇನೆ. ಕಾರ್ಡಿನ ತುಂಬ ನನ್ನ ಸಿಟ್ಟು, ಕಣ್ಣಿನ ತುಂಬ ಅವಳ ನಗು. ಬೇರೆ ಕ್ಯಾಮೆರಾ ಬೇಡ ಎಂದು ಫಯಾಜ್ ಭಾಯಿಗೆ ಹೇಳಿಬಿಟ್ಟಿದ್ದೇನೆ.

ಫೋಟೋ ದೊಡ್ಡದು ಮಾಡಿಸಲು ಅದೇ ಹಳೆಯ ಸ್ಟುಡಿಯೋಗೆ ಹೋಗಿದ್ದೆ. ಅವನು ಕಂಪ್ಯೂಟರಿನಲ್ಲಿ ಅದನ್ನು ತೆರೆದು, ತಲೆ ವಾರೆ ಮಾಡಿ, ಕಸುಬುದಾರನ ಕಣ್ಣಲ್ಲಿ ನೋಡಿದ.

"ಮೇಡಂ, ಎಡಗಡೆ ಹುಬ್ಬು ಒಂಚೂರು ಮೇಲೆ ಹೋಗ್ಬಿಟ್ಟಿದೆ. ಲೆವೆಲ್ ಮಾಡ್ಲಾ?"

ನಾನು ಅವನನ್ನು ಸುಮ್ಮನೆ ನೋಡಿದೆ. ಹೇಗೆ ನೋಡಿದೆ ಎಂಬುದು ಈಗ ನನಗೂ ಗೊತ್ತು. ಅವನು ಒಮ್ಮೆ ಪರದೆಯನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ, "ಇರ್ಲಿ ಬಿಡಿ ಮೇಡಂ" ಎಂದು ಇದ್ದ ಹಾಗೇ ಪ್ರಿಂಟ್ ಹಾಕಿದ.